ಅಪ್ಪನ ಗೇಟ್ ಪುಸ್ತಕ

ನೀವು ಎಂದಾದರೂ ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದರೆ, ಕಂಪ್ಯೂಟರಿನ ಮೇಜಿಗೆ ಸುತಳಿಯಿಂದ ಕಟ್ಟಿರುವ ಒಂದು ನೋಟುಪುಸ್ತಕ ನಿಮ್ಮ ಕಣ್ಣಿಗೆ ಬೀಳದೆ ಇರಲಾರದು. ನೂರು ಪುಟದ, ಗಟ್ಟಿ ರಟ್ಟಿನ, ಸಾಧಾರಣ ಪುಸ್ತಕ. ಅಂಚೆ ಕಚೇರಿಯಲ್ಲಿರುವಂತೆ ಅದರ ಪೆನ್ನಿಗೂ ಒಂದು ದಾರ. ರಟ್ಟಿನ ಮೇಲೆ ಅಪ್ಪನ ದುಂಡನೆಯ ಅಕ್ಷರಗಳಲ್ಲಿ ‘ಗೇಟ್ ಪುಸ್ತಕ’ ಎಂದು ಬರೆದಿದೆ. ಒಳಗೆ ಪ್ರತಿ ಪುಟಕ್ಕೂ ಸ್ಕೇಲಿನಿಂದ ಗೆರೆ ಎಳೆದು ಅಂಕಣಗಳನ್ನು ಮಾಡಲಾಗಿದೆ: ತಾರೀಖು, ವೇಳೆ, ಬಂದವರು, ಬಂದ ಕಾರಣ, ತೆರೆದಿದೆಯೋ ಇಲ್ಲವೋ.

ಮೊದಲ ಸಲ ಬಂದವರು ಇದನ್ನು ಅತಿಥಿಗಳ ಪುಸ್ತಕವೆಂದು ಭಾವಿಸಿ ತಮ್ಮ ಹೆಸರು ಬರೆಯಲು ಪೆನ್ನಿಗೆ ಕೈ ಹಾಕುತ್ತಾರೆ. ಆಗ ಅಪ್ಪ ಎಲ್ಲಿದ್ದರೂ ಓಡಿ ಬಂದು ಅವರ ಕೈ ಹಿಡಿಯುತ್ತಾನೆ.

“ತಡೀರಿ, ತಡೀರಿ! ಅದು ನಿಮ್ಮಂಥೋರಿಗಲ್ಲ.”

ಬಂದವರು ಗಲಿಬಿಲಿಗೊಂಡು ನನ್ನ ಮುಖ ನೋಡುತ್ತಾರೆ. ನಾನು ಪುಸ್ತಕ ತೆರೆದು ಒಂದೆರಡು ಸಾಲು ಓದಿ ತೋರಿಸುತ್ತೇನೆ. “ಸೋಮವಾರ, ಬೆಳಿಗ್ಗೆ ಹತ್ತು. ಆಂಟಿವೈರಸ್ಸಿನ ಪೈಕಿ. ಪರಿಚಿತರು. ತೆರೆದಿದೆ.” “ಮಂಗಳವಾರ, ಹತ್ತೂಕಾಲು. ಹವಾಮಾನ ತಿಳಿಸುತ್ತೇನೆ ಎಂದವರು. ಅಂಗಳಕ್ಕೆ ಹೋಗಿ ನೋಡಿದೆ, ಬಿಸಿಲಿತ್ತು. ತೆರೆದಿಲ್ಲ.” “ಅದೇ ದಿನ, ಹನ್ನೊಂದು. ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇನೆ ಎಂದವರು. ನಮಗೆ ಅವಸರವಿಲ್ಲ. ತೆರೆದಿಲ್ಲ.”

ಈ ಪುಸ್ತಕವನ್ನು ಕಂಡಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಆ ಹೆಮ್ಮೆಯಲ್ಲಿ ನನ್ನ ಸ್ವಂತ ಪಾಲು ತೀರ ಸಣ್ಣದು ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಇಷ್ಟು ಸುಲಭವಾಗಿ ನಾನು ಏನನ್ನಾದರೂ ಒಪ್ಪಿಕೊಳ್ಳುವುದು ಅಪರೂಪ. ಏಕೆಂದರೆ ನಾನು ಚರ್ಚಾಸ್ಪರ್ಧೆಯ ಹುಡುಗಿ.

ಕಾಲೇಜಿನ ದಿನಗಳಲ್ಲಿ ನನಗೆ ವಾದವೆಂದರೆ ಅನ್ನಕ್ಕಿಂತ ಹೆಚ್ಚು. ಸಮಾಜವನ್ನು ಬದಲಿಸಬೇಕಾದರೆ ಮೊದಲು ಅದನ್ನು ಮಾತಿನಲ್ಲಿ ಸೋಲಿಸಬೇಕು ಎಂದು ನಂಬಿದ್ದೆ. ಇಂಡಿಯಲ್ಲಿ ನಡೆದ ಒಂದು ಚರ್ಚಾಕೂಟದಲ್ಲಿ ‘ಗೋಡೆಗಳಿಲ್ಲದ ಸಮಾಜವೇ ನಿಜವಾದ ಸಮಾಜ’ ಎಂಬ ವಿಷಯದ ಪರವಾಗಿ ಮಾತನಾಡಿ ಬಹುಮಾನದ ಢಾಲು ಗೆದ್ದೆ. ಕೋಣೆಯ ಗೋಡೆಯಿಂದ ಹಿಡಿದು ಮನಸ್ಸಿನ ಗೋಡೆಯವರೆಗೆ ಯಾವ ಗೋಡೆಯನ್ನೂ ಅಂದು ನಾನು ಉಳಿಸಲಿಲ್ಲ. ವಿರುದ್ಧವಾಗಿ ಮಾತನಾಡಿದವಳು ಅದೇ ಸೀಮೆಯ ತಾಂಬಾದ ಮಹಾದೇವಿ, ಒಕ್ಕಲುತನದ ಮನೆಯ ಹುಡುಗಿ. ಸೋತವಳು ಮೆಟ್ಟಿಲಿಳಿಯುವಾಗ ನನ್ನ ಕೈಲಿದ್ದ ಢಾಲನ್ನು ಒಮ್ಮೆ ನೋಡಿ ಕೇಳಿದಳು:

“ಗ್ವಾಡಿ ಎಲ್ಲಾ ಒಡದಿ, ಛಂದ ಆತು. ಇನ್ನ ಮಾಳಗಿ ಎದರ ಮ್ಯಾಲೆ ಹೊರಸ್ತೀಯಬೇ?”

ಗಂಟೆ ಬಾರಿಸಿ ಸಮಯ ಮುಗಿದಿದ್ದರಿಂದ ಬದುಕಿದೆ. ಅಂದಿನಿಂದ ನಾವು ಗೆಳತಿಯರು. ಅವಳೀಗ ಸಿಂದಗಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾಳೆ. ನಾನು ಬಾಗೇವಾಡಿಯಲ್ಲಿ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಗೋಡೆಗಳನ್ನು ಒಡೆಯುವೆನೆಂದು ಢಾಲು ಗೆದ್ದವಳು ಒಂದು ದಿನ ಕಂಪ್ಯೂಟರಿಗೆ ಗೋಡೆಯೊಂದನ್ನು ಆರಿಸಲು ಕನ್ನಡಕ ಹಾಕಿಕೊಂಡು ಕುಳಿತೆ ಎಂಬುದನ್ನು ವಿಧಿಯ ವ್ಯಂಗ್ಯ ಎನ್ನಬೇಕೋ, ವಯಸ್ಸಿನ ವಿವೇಕ ಎನ್ನಬೇಕೋ ಎಂಬುದನ್ನು ತೀರ್ಪುಗಾರರಾದ ನಿಮಗೇ ಬಿಡುತ್ತೇನೆ.

ಕಂಪ್ಯೂಟರ್ ಬಂದದ್ದು ನನಗಾಗಿ ಅಲ್ಲ, ಅಪ್ಪನಿಗಾಗಿ. ಅಪ್ಪ ಆಲಮಟ್ಟಿ ಯೋಜನೆಯ ಕಾಲುವೆಯ ಮೇಲೆ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಆರು ತಿಂಗಳು ಸುಮ್ಮನೆ ಕುಳಿತ. ಏಳನೆಯ ತಿಂಗಳು ಒಂದು ದಿನ ಶಾಲೆಯಿಂದ ಬಂದ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದ:

“ಸುಜಾತಾ, ನಮ್ಮ ಹಳೇ ಕೊಲ್ಹಾರದಾಗ ಯಾರ ಮನಿ ಬಾಜೂ ಯಾರ ಮನಿ ಇತ್ತು ಅನ್ನೂದು ನನಗ ಇನ್ನಾ ನೆನಪೈತಿ. ನಾ ಹ್ವಾದ್ರ ಅದೂ ಹೋಗತೈತಿ. ಬರದಿಡೂಣೇನು?”

ಹಳೆಯ ಕೊಲ್ಹಾರ ಈಗ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಊರು ಮೇಲಕ್ಕೆ ಬಂದು ಹೊಸದಾಗಿ ನೆಲೆಸಿದೆ. ಊರೇನೋ ಇದೆ, ಆದರೆ ಓಣಿಗಳು ಬೇರೆ, ನೆರೆಹೊರೆ ಬೇರೆ. ಅಪ್ಪನ ಯೋಜನೆ ಸರಳವಾಗಿತ್ತು. ಒಂದು ಮನೆಗೆ ಒಂದು ಪುಟ. ಬಾಗಿಲು ಯಾವ ದಿಕ್ಕಿಗೆ, ಕಟ್ಟೆ ಎಷ್ಟು ದೊಡ್ಡದು, ಮುಂದೆ ಬೇವೋ ಹುಣಸೆಯೋ, ಯಾರು ಯಾರು ಇದ್ದರು. ಕೊನೆಗೆ ‘ಒಳಗೆ’ ಎಂಬ ಒಂದು ತಲೆಬರಹ. ಎರಡು ಬೆರಳಿನಿಂದ ಕನ್ನಡ ಒತ್ತಲು ಕಲಿತು, ವಾರಕ್ಕೊಮ್ಮೆ ಬಸ್ಸಿನಲ್ಲಿ ಕೊಲ್ಹಾರಕ್ಕೆ ಹೋಗಿ ಹಿರಿಯರನ್ನು ಮಾತನಾಡಿಸಿ ಬಂದು, ಮೂರು ವರ್ಷಗಳಲ್ಲಿ ಅಪ್ಪ ನೂರಕ್ಕೂ ಮಿಕ್ಕಿ ಮನೆಗಳನ್ನು ನೀರಿನಿಂದ ಮೇಲೆತ್ತಿದ. ಹೇಳಿದ ಹಿರಿಯರಲ್ಲಿ ಕೆಲವರು ಈಗಿಲ್ಲ. ಅವರು ಹೇಳಿದ್ದು ಆ ಕಡತದಲ್ಲಿ ಮಾತ್ರ ಇದೆ.

ಒಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ. ನಮ್ಮ ಕೇರಿಯ ಮನೆಗಳ ಪುಟಗಳಲ್ಲಿ ‘ಒಳಗೆ’ ಎಂಬುದರ ಕೆಳಗೆ ಒಲೆ, ಗೂಡು, ಗಡಿಗೆ ಎಲ್ಲವೂ ಇದ್ದವು. ಮೇಲಿನ ಓಣಿಗಳ ಅನೇಕ ಮನೆಗಳ ಪುಟಗಳಲ್ಲಿ ಬಾಗಿಲಿನ ಕೆತ್ತನೆಯ ತನಕ ಸವಿಸ್ತಾರವಾದ ವರ್ಣನೆ, ಅನಂತರ ಎರಡೇ ಶಬ್ದ: ‘ಒಳಗೆ: ನೋಡಿಲ್ಲ.’

ನೋಡಲು ಅವಕಾಶವಿರಲಿಲ್ಲ. ನನ್ನ ಅಜ್ಜ ಆ ಮನೆಗಳಿಗೆ ಕೂಲಿಯ ಕರೆಗೆ ಹೋದಾಗ ಹೊಸ್ತಿಲಾಚೆ ನಿಲ್ಲಬೇಕಿತ್ತು. ಒಳಗಿನವರಿಗೆ ಬಿಡುವಾಗುವವರೆಗೆ ಅಲ್ಲೇ ನಿಂತಿರಬೇಕಿತ್ತು. ಜೊತೆಗೆ ಹೋಗುತ್ತಿದ್ದ ಬಾಲಕ ಅಪ್ಪನಿಗೆ ಬಾಗಿಲಿನ ಕೆತ್ತನೆ ಅಷ್ಟು ಚೆನ್ನಾಗಿ ನೆನಪಿರಲು ಕಾರಣ ಅದೇ. ಮುಂದೆ ಊರು ಸ್ಥಳಾಂತರವಾಗಿ ಹೊಸ ಕೊಲ್ಹಾರದಲ್ಲಿ ಮನೆ ಕಟ್ಟಿದಾಗ ಅಜ್ಜ ತನ್ನ ಮನೆಗೊಂದು ಕಾನೂನು ಮಾಡಿದ. “ಈ ಬಾಗಲಾ ಹಗಲ ಹೊತ್ತಿನ್ಯಾಗ ಹಾಕೂದಿಲ್ಲ. ಬಂದವರನ್ನ ಯಾರ ಪೈಕಿ ಅಂತ ಕೇಳೂದಿಲ್ಲ. ಮೊದಲ ಒಳಗ, ಆಮ್ಯಾಲೆ ಮಾತು.” ನಮ್ಮ ಕಡೆ ಹೊಸಬರನ್ನು ಕಂಡರೆ ನೀರು ಕೊಡುವ ಮೊದಲೇ “ಯಾವೂರು, ಯಾರ ಪೈಕಿ” ಎಂದು ಕೇಳುವುದು ವಾಡಿಕೆ. ಆ ಪ್ರಶ್ನೆಯ ಉತ್ತರವನ್ನು ನೋಡಿಕೊಂಡೇ ಲೋಟ ಯಾವುದೆಂದು ತೀರ್ಮಾನವಾಗುತ್ತಿದ್ದ ಕಾಲವನ್ನು ಅಜ್ಜ ಕಂಡಿದ್ದ. ಆದ್ದರಿಂದ ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಪ್ರವೇಶವಿಲ್ಲ, ಉಳಿದ ಎಲ್ಲರಿಗೂ ಇದೆ. ಬಾಗೇವಾಡಿಗೆ ಬಂದ ಮೇಲೂ ಈ ಕಾನೂನು ನಮ್ಮ ಜೊತೆಗೇ ಬಂತು. ನನ್ನ ಢಾಲು ಗೆದ್ದ ಭಾಷಣದ ತಿರುಳೂ ಇದೇ ಆಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಕಾವಲಿನ ಆಯ್ಕೆಯ ಕಥೆ.

ಅಪ್ಪನ ಕಡತ ಬೆಳೆದಂತೆ ಅದರ ಬಗ್ಗೆ ನನ್ನ ದಿಗಿಲೂ ಬೆಳೆಯಿತು. ವೈರಸ್ ಬಂದರೆ ಎಲ್ಲವೂ ಹೋಗುತ್ತದೆ ಎಂದು ಶಾಲೆಯ ಸಹೋದ್ಯೋಗಿಗಳು ಹೆದರಿಸಿದರು. ಒಂದು ಭಾನುವಾರ ನಾನು ಬಿಳಿಯ ಹಾಳೆಯ ಮಧ್ಯೆ ಗೆರೆ ಎಳೆದು, ಎಡಕ್ಕೆ ‘ಪರ’, ಬಲಕ್ಕೆ ‘ವಿರೋಧ’ ಎಂದು ಬರೆದು, ಆಂಟಿವೈರಸ್‌ಗಳ ವಿಚಾರಣೆಗೆ ಕುಳಿತೆ. ಉಚಿತವಾಗಿ ಸಿಗುವುದು, ಹಣ ಕೊಡಬೇಕಾದದ್ದು, ಫೈರ್‌ವಾಲ್ ಎಂಬ ಕಾವಲುಗೋಡೆ ಜೊತೆಗಿರುವುದು, ಇಲ್ಲದಿರುವುದು. ಪ್ರತಿಯೊಂದೂ ತಾನೇ ಶ್ರೇಷ್ಠ ಎಂದಿತು. ಯಾವುದು ಉತ್ತಮ ಎಂದು ಹೇಳುವ ಜಾಲತಾಣಗಳನ್ನು ನೋಡಿದರೆ ಅವುಗಳಲ್ಲಿ ಕೆಲವನ್ನು ನಡೆಸುವವರೂ ಮಾರುವವರೇ. ತೀರ್ಪುಗಾರರೇ ಸ್ಪರ್ಧಿಗಳಾದ ಇಂಥ ಚರ್ಚಾಕೂಟವನ್ನು ನಾನು ಎಲ್ಲಿಯೂ ಕಂಡಿರಲಿಲ್ಲ.

ಸಂಜೆಯ ವೇಳೆಗೆ ಕಣದಲ್ಲಿ ಎರಡು ಉಳಿದವು. ಎರಡರ ವಾದವೂ ಪ್ರಬಲ. ಒಬ್ಬರಿಗೆ ಬಹುಮಾನ ಕೊಟ್ಟರೆ ಇನ್ನೊಬ್ಬರಿಗೆ ಅನ್ಯಾಯ. ಆದ್ದರಿಂದ ನಾನು ಎರಡನ್ನೂ ಹಾಕಿದೆ.

ಮರುದಿನ ಅಪ್ಪ ಕಂಪ್ಯೂಟರಿನ ಮುಂದಿನಿಂದಲೇ ಕೂಗಿದ. “ಸುಜಾತಾ, ಇದಕ್ಕ ಜಡ್ಡ ಬಂದೈತೇನ ನೋಡು. ‘ಅ’ ಒತ್ತಿ ಚಾ ಕುಡದು ಬಂದ್ರೂ ‘ಅ’ ಮೂಡವಲ್ದು.”

ನಾನು ಸಿಂದಗಿಗೆ ಫೋನು ಮಾಡಿದೆ.

“ಎಷ್ಟು ಆಂಟಿವೈರಸ್ ಹಾಕೀಯಬೇ?” ಎಂದು ಮಹಾದೇವಿ ಕೇಳಿದಳು.

“ಎರಡು.”

“ಯಾಕ?”

“ಇಬ್ಬರ ವಾದದಾಗೂ ಹುರುಳಿತ್ತು.”

ಆ ಕಡೆಯಿಂದ ಬಹಳ ಹೊತ್ತು ನಗುವೇ ಕೇಳಿಸಿತು. “ಒಂದ ಒಲಿ ಮುಂದ ಇಬ್ಬರು ಅತ್ತ್ಯಾರನ್ನ ಕುಂದರಿಸೀದಿ. ಇಕಿ ಅಕೀನ ನೋಡ್ತಾಳ, ಅಕಿ ಇಕೀನ ನೋಡ್ತಾಳ. ಅವರಿಬ್ಬರ ಸಂಶೇದಾಗ ಸೊಸಿ ರೊಟ್ಟಿ ಬಡಿಯೂದು ಯಾವಾಗ? ಒಬ್ಬಾಕೀನ ಕಳಸು. ಉಳದಾಕೀಗಿ ದಿನಾ ಅಪ್‌ಡೇಟ್ ಮಾಡು. ಫೈರ್‌ವಾಲ್ ಚಾಲೂ ಇಡು, ಅದು ಏನರ ಕೇಳಿದ್ರ ಓದಿ ಒತ್ತು. ಮತ್ತ ಎಲ್ಲಾದಕ್ಕಿಂತ ಮೊದಲ ಕಾಕಾನ ಬರವಣಿಗೀದು ಒಂದು ಪ್ರತಿ ಬ್ಯಾರೆ ಕಡೆ ತಗದಿಡು. ಕೇಳಿದಿಲ್ಲ?”

ಕೇಳಿದೆ. ಒಬ್ಬ ಅತ್ತೆಯನ್ನು ಕಳಿಸಿದೆ. ಫೈರ್‌ವಾಲ್ ಚಾಲೂ ಮಾಡಿದೆ. ಪ್ರತಿ ತೆಗೆದಿಡುವ ಕೆಲಸ ಮಾತ್ರ ಮುಂದಿನ ಭಾನುವಾರಕ್ಕೆ ಎಂದುಕೊಂಡೆ. ಸಮಾಜ ಸುಧಾರಣೆಯನ್ನು ನಾಳೆಗೆ ಹಾಕಬಾರದು ಎಂದು ವೇದಿಕೆಯಿಂದ ಗುಡುಗಿದವಳಿಗೆ ಆ ಭಾನುವಾರ ಬರಲೇ ಇಲ್ಲ.

ಫೈರ್‌ವಾಲ್ ಚಾಲೂ ಮಾಡಿದ ದಿನ ಅಪ್ಪ ನನ್ನ ಪಕ್ಕದಲ್ಲಿ ಕುಳಿತಿದ್ದ. ಪರದೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಮೂಡಿ, ಇಂಗ್ಲಿಷಿನಲ್ಲಿ ಏನನ್ನೋ ಕೇಳಿ, ಒಂದು ಹಸಿರು ಗುಂಡಿಯನ್ನೂ ಒಂದು ಕೆಂಪು ಗುಂಡಿಯನ್ನೂ ತೋರಿಸಿತು.

“ಏನಂತೈತಿ ಅದು?” ಎಂದು ಅಪ್ಪ ಕೇಳಿದ.

ಕಠಿಣ ವಿಷಯವನ್ನು ಸರಳ ಉಪಮೆಯಲ್ಲಿ ಹೇಳುವುದು ನನ್ನ ಹೆಗ್ಗಳಿಕೆ. “ಅಪ್ಪಾ, ಇದು ಕಂಪ್ಯೂಟರಿನ ಬಾಗಲಾ ಇದ್ದಂಗ. ಯಾರೋ ಬಂದು ಒಳಗ ಬರ್ಲೇನ್ರಿ ಅಂತ ಕೇಳಾಕತ್ತಾರ. ಹಸರು ಒತ್ತಿದ್ರ ಬರ್ರಿ ಅಂದಂಗ, ಕೆಂಪು ಒತ್ತಿದ್ರ ಬ್ಯಾಡ ಅಂದಂಗ.”

“ತಿಳೀತು,” ಎಂದ ಅಪ್ಪ. ಎಷ್ಟು ಚೆನ್ನಾಗಿ ತಿಳಿಸಿದೆ ಎಂದು ನಾನು ಒಳಗೊಳಗೇ ಬೀಗಿದೆ. ನಮ್ಮ ಮನೆಯ ಬಾಗಿಲಿನ ಕಾನೂನು ಆ ಕ್ಷಣದಲ್ಲಿ ನನಗೆ ನೆನಪಾಗಲಿಲ್ಲ.

ಮುಂದಿನದನ್ನು ನೀವು ಊಹಿಸಿರಬಹುದು. ಒಂದು ಶನಿವಾರ ಮಧ್ಯಾಹ್ನ ನಾನು ಶಾಲೆ ಮುಗಿಸಿ ಬಂದಾಗ ಅಪ್ಪ ಕಂಪ್ಯೂಟರಿನ ಮುಂದೆ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಕುಳಿತಿದ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಮೇಲಿನ ಚಹಾ ಕೆನೆಗಟ್ಟಿತ್ತು. ಬೆಳಿಗ್ಗೆ ಅಪ್ಪ ನಾಲ್ಕು ಪುಟ ಮುದ್ರಿಸಲು ಪೆನ್‌ಡ್ರೈವ್ ತೆಗೆದುಕೊಂಡು ಝೆರಾಕ್ಸ್ ಅಂಗಡಿಗೆ ಹೋಗಿದ್ದ. ಮರಳಿ ಬಂದು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದ ಮೇಲೆ ‘ಹಳೇ ಊರು’ ಎಂಬ ಕಡತಕೋಶದ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು ಬಂದಿತ್ತು. ತೆರೆದರೆ ಒಳಗೆ ಏನೂ ಇರಲಿಲ್ಲ.

ಅಪ್ಪ ನನ್ನನ್ನು ನೋಡದೆ ಹೇಳಿದ: “ಊರು ಮತ್ತೊಮ್ಮಿ ಮುಳುಗಿತವ್ವಾ.”

ಮೊದಲ ಸಲ ಊರು ಮುಳುಗಿದಾಗ ಮುಂಚಿತವಾಗಿ ತಿಳಿಸಿದ್ದರು, ಜಾಗ ಕೊಟ್ಟಿದ್ದರು, ಕಂಬ ತೊಲೆಗಳನ್ನು ಹೇರಿಕೊಂಡು ಬರಲು ಸಮಯವಿತ್ತು. ಈ ಸಲ ಯಾರೂ ಏನೂ ಹೇಳಿರಲಿಲ್ಲ. ಹೇಳಿದ್ದ ಒಬ್ಬಳ ಮಾತನ್ನು ನಾನು ಭಾನುವಾರಕ್ಕೆ ಮುಂದೂಡಿದ್ದೆ.

ಮಹಾದೇವಿಗೆ ಫೋನು ಮಾಡಿದಾಗ ಅವಳು ನಗಲಿಲ್ಲ. “ಏನೂ ಒತ್ತಬ್ಯಾಡ್ರಿ. ಬಂದ್ ಮಾಡಿ ಇಡ್ರಿ. ನಾಳೆ ಬರ್ತೇನಿ,” ಎಂದಳು.

ಭಾನುವಾರ ಮೊದಲ ಬಸ್ಸಿಗೆ ಬಂದಿಳಿದಳು. ಒಂದು ಕೈಯಲ್ಲಿ ಲ್ಯಾಪ್‌ಟಾಪಿನ ಚೀಲ, ಇನ್ನೊಂದರಲ್ಲಿ ತವರಿನ ತೋಟದ ನಿಂಬೆಹಣ್ಣು. ಇಂಡಿ ಸೀಮೆಯವರು ಮಾತಿನಲ್ಲಿಯೂ ಸ್ವಲ್ಪ ಹುಳಿ ಬೆರೆಸುತ್ತಾರೆ ಎಂಬುದು ನನ್ನ ಅನುಭವ.

“ಗ್ವಾಡಿ ಒಡಿಯೂ ಭಾಷಣಕಾರ್ತಿ ಮನ್ಯಾಗ ಹಿಂಗ ಆಗೂದು ಒಂದಿಲ್ಲೊಂದು ದಿನ ಇದ್ದದ್ದ,” ಎನ್ನುತ್ತ ಚಪ್ಪಲಿ ಬಿಟ್ಟು, ಅವ್ವ ಕೊಟ್ಟ ನೀರು ಕುಡಿದು, ಕುರ್ಚಿ ಎಳೆದುಕೊಂಡು ಕುಳಿತಳು. ಕಪ್ಪು ಪರದೆಯೊಂದನ್ನು ತೆರೆದು ಒಂದು ಸಾಲು ಒತ್ತಿದಳು. ಅಪ್ಪ ಅವಳ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದ.

“ಕಾಕಾ, ಹೆದರಬ್ಯಾಡ್ರಿ. ನಿಮ್ಮ ಊರು ಹೋಗಿಲ್ಲ. ಈ ವೈರಸ್ ಕಡತ ಅಳಿಸೂ ಜಾತೀದಲ್ಲ, ಮುಚ್ಚಿಡೂ ಜಾತೀದು.”

ಒಂದೊಂದಾಗಿ ಹೆಸರುಗಳು ಪರದೆಯ ಮೇಲೆ ಮೂಡತೊಡಗಿದವು. ಬೇವಿನ ಕಟ್ಟೆಯ ಮನೆ. ಎರಡು ಬಾಗಿಲ ಮನೆ. ಕಂಬಾರರ ಮನೆ. ಹೊಳೆಯ ಹಾದಿಯ ಮನೆ. ಅಪ್ಪ ಬೆರಳು ಮುಂದೆ ಮಾಡಿ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದ. ಕೊನೆಯ ಹೆಸರು ಬಂದ ಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಅವ್ವ ಹೊಸದಾಗಿ ಚಹಾಕ್ಕೆ ಇಟ್ಟಳು.

ವೈರಸ್ಸನ್ನು ತೆಗೆದುಹಾಕಿದ ಮೇಲೆ ಮಹಾದೇವಿ ವಿಚಾರಣೆಗೆ ತೊಡಗಿದಳು. “ಪೆನ್‌ಡ್ರೈವ್ ಹಾಕಿದಾಗ ಆಂಟಿವೈರಸ್ ತಡದಿತ್ತಲ್ಲ. ಬಿಡಬ್ಯಾಡ ಅಂತ ಹೇಳೈತಿ ಇಲ್ಲೆ. ಹಸರು ಒತ್ತಿದವರ್ಯಾರು?”

“ನಾನ ಒತ್ತೇನಿ,” ಎಂದ ಅಪ್ಪ. ಅವನ ದನಿಯಲ್ಲಿ ಅಳುಕಿರಲಿಲ್ಲ. “ಯಾರೋ ಬಂದಾರ, ಒಳಗ ಬರ್ಲೇನು ಅಂತ ಕೇಳತಾರ. ಬ್ಯಾಡ ಅನ್ನಾಕ ಬರತೈತೇನು? ಇಷ್ಟ ದಿನಾನೂ ಯಾರಿಗೂ ಬ್ಯಾಡ ಅಂದಿಲ್ಲ ನಾ.”

ಮಹಾದೇವಿ ನನ್ನತ್ತ ತಿರುಗಿದಳು. ನಾನು ಗೋಡೆಯ ಮೇಲಿದ್ದ ಬುದ್ಧನ ಚಿತ್ರದತ್ತ ತಿರುಗಿದೆ. ಅಲ್ಲಿಂದ ನೆರವು ಬರುವ ಲಕ್ಷಣ ಕಾಣಲಿಲ್ಲವಾಗಿ ಎದ್ದು ನಿಂತು ಮಾತು ಆರಂಭಿಸಿದೆ. ಮಾನವನಿಗೂ ಯಂತ್ರಕ್ಕೂ ಇರುವ ಅಂತರ, ಆತಿಥ್ಯಕ್ಕೂ ಅಜಾಗರೂಕತೆಗೂ ಇರುವ ಅಂತರ, ಸಮಾನತೆಯೆಂದರೆ ವಿವೇಚನೆಯ ಅಭಾವವಲ್ಲ ಎಂಬ ಸತ್ಯ, ಎಲ್ಲವನ್ನೂ ಕ್ರಮಬದ್ಧವಾಗಿ ಮಂಡಿಸಿದೆ. ಅವ್ವ ಚಹಾ ಸೋಸುತ್ತ, “ಗಂಟಿ ಬಾರ್ಸೋರಿಲ್ಲೇನು ಇಕೀಗೆ?” ಎಂದಳು.

ಅಪ್ಪ ಕೊನೆಯವರೆಗೆ ಕೇಳಿ ಹೇಳಿದ: “ನೀ ಹೇಳೂದು ಎಲ್ಲಾ ಖರೆ. ಆದ್ರ ಬಾಗಲಾ ಅಂದಾಕಿ ನೀನ. ಬಾಗಲಾ ಇದ್ರ ನಮ್ಮಪ್ಪ ಹೇಳಿದ್ದ ನಡಿಯೂದು.”

ನನ್ನ ಉಪಮೆಯ ಬಲದಿಂದಲೇ ನಾನು ಸೋತಿದ್ದೆ.

ಮಹಾದೇವಿ ವಾದಕ್ಕೆ ಇಳಿಯಲಿಲ್ಲ. ಎಷ್ಟು ಸಲ ಹಸಿರು ಒತ್ತಿರಬಹುದೆಂದು ನೋಡಲು ಫೈರ್‌ವಾಲಿನ ದಾಖಲೆಯನ್ನು ತೆರೆದಳು. ಪರದೆಯ ತುಂಬ ಉದ್ದನೆಯ ಪಟ್ಟಿ. ಎಡಕ್ಕೆ ತಾರೀಖು, ಪಕ್ಕದಲ್ಲಿ ವೇಳೆ, ಯಾರು, ಎಲ್ಲಿಂದ, ಕೊನೆಗೆ ಬಿಟ್ಟಿದೆಯೋ ತಡೆದಿದೆಯೋ. ಅಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಬಾಗಿದ. ಇನ್ನೂ ಬಾಗಿದ.

“ಏ ಮಾದೇವಿ, ತಡಿ. ಮ್ಯಾಲೆ ಸರಸು. ತಾರೀಖು, ವ್ಯಾಳ್ಯಾ… ಇದು ಗೇಟ್ ರಜಿಸ್ಟರ್ ಅಲ್ಲೇನು?”

“ಹಂಗ ಅನ್ರಿ ಕಾಕಾ.”

“ಇದರಾಗ ಎಲ್ಲಾ ‘ಬಿಟ್ಟಿದೆ’ ಅಂತ ಐತೇನು?”

“ಎಲ್ಲಾ.”

“ಒಂದರ ಚೀಟಿ ನೋಡೀನೇನು ನಾ?”

“ಒಂದೂ ನೋಡಿಲ್ರಿ.”

ಬಾಗಿದ್ದ ಅಪ್ಪ ನೆಟ್ಟಗೆ ನಿಂತ. ಊರು ಮುಳುಗಿತೆಂದಾಗಲೂ ಅವನ ಮುಖ ಅಷ್ಟು ಕೆಂಪಾಗಿರಲಿಲ್ಲ. “ನನ್ನ ಸರ್ವೀಸಿನಾಗ ಹಿಂಗ ಒಮ್ಮಿನೂ ಆಗಿದ್ದಿಲ್ಲ! ಸುಜಾತಾ, ಇದು ಬಾಗಲಾ ಅಲ್ಲ. ಇದು ಗೇಟು! ಮೊದಲ ಯಾಕ ಹೇಳಲಿಲ್ಲ?”

ಇಲ್ಲಿ ನಿಮ್ಮನ್ನು ಸ್ವಲ್ಪ ಹಿಂದಕ್ಕೆ, ಮುದ್ದೇಬಿಹಾಳದ ಕಡೆಯ ಕಾಲುವೆಯ ದಂಡೆಗೆ ಕರೆದೊಯ್ಯಬೇಕು. ನನ್ನ ಬಾಲ್ಯ ಕಳೆದದ್ದು ಅಲ್ಲಿಯ ಒಂದು ಸಣ್ಣ ಕ್ವಾರ್ಟರ್ಸಿನಲ್ಲಿ. ಬಿಸಿಲಿಗೆ ಕಾದ ಕಬ್ಬಿಣದ ವಾಸನೆ, ಗ್ರೀಸಿನ ಡಬ್ಬಿ, ಗೇಟಿನ ತಿರುಪು ತಿರುಗುವಾಗಿನ ಕಿರ್ ಎಂಬ ಸದ್ದು, ನೀರು ಮೊದಲು ನುಗ್ಗುವಾಗ ಅದರ ಮುಂದೆ ಓಡುವ ಒಣ ಎಲೆಗಳ ಮೆರವಣಿಗೆ. ಕಾಲುವೆಯ ಕಾನೂನು ನನಗೆ ಅಕ್ಷರಗಳಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಮೇಲಿನ ಕಚೇರಿಯಿಂದ ಸಹಿಯಾದ ಚೀಟಿ ಬರಬೇಕು, ಎಷ್ಟು ಎತ್ತಬೇಕೆಂದು ಅದರಲ್ಲಿರಬೇಕು, ಎತ್ತಿದ ವೇಳೆಯನ್ನು ರಜಿಸ್ಟರಿನಲ್ಲಿ ಬರೆಯಬೇಕು. ಚೀಟಿಯಿಲ್ಲದೆ ಗೇಟು ಒಂದು ಬೆರಳಿನಷ್ಟೂ ಏಳುವಂತಿಲ್ಲ. ಮೇಲಿನ ಹೊಲದವನಿಗೆ ಅರ್ಧ ತಿರುವು ಹೆಚ್ಚು ಕೊಟ್ಟರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ.

ಒಂದು ಮಧ್ಯಾಹ್ನ, ಮೇಲಿನ ಹೊಲಗಳ ಯಜಮಾನನೊಬ್ಬ ಮೋಟಾರ್‌ಸೈಕಲ್ಲಿನ ಮೇಲೆ ಬಂದು ನಿಂತ.

“ಏನಪಾ, ಗೇಟ ಸ್ವಲ್ಪ ಮ್ಯಾಲೆ ಎತ್ತು.”

“ಚೀಟಿ ತಂದೀರೇನ್ರಿ?” ಎಂದ ಅಪ್ಪ.

“ಚೀಟಿ ಬರತೈತಿ, ನೀ ಎತ್ತು. ನಾ ಹೇಳಾಕತ್ತೇನಿಲ್ಲ?”

“ಬರಲ್ರಿ. ಅಲ್ಲೀತನಾ ಬಿಸಲಾಗ ಯಾಕ ನಿಂದರ್ತೀರಿ? ಒಳಗ ಬರ್ರಿ, ಚಾ ಕುಡೀರಿ.”

ಆತ ಒಳಗೆ ಬರಲಿಲ್ಲ. ನಮ್ಮ ಮನೆಯ ಚಹಾ ಕುಡಿಯುವುದು ಆತನಿಂದಾಗದ ಕೆಲಸವಾಗಿತ್ತು. ಬಹಳ ಹೊತ್ತು ಬಿಸಿಲಿನಲ್ಲಿ ನಿಂತ, ಬೈದ, ವರ್ಗ ಮಾಡಿಸುತ್ತೇನೆಂದ. ಅವ್ವ ಇಟ್ಟ ಚಹಾ ಅಪ್ಪನ ಪಕ್ಕದಲ್ಲಿ ಆತನಿಗಾಗಿ ಕಾದು ಆರಿತು. ಗೇಟು ಏಳಲಿಲ್ಲ. ಆತ ಹೋದ ಮೇಲೆ ಅಪ್ಪ ಸೈಕಲ್ ಹತ್ತಿ ಕಾಲುವೆಯ ಕೊನೆಯವರೆಗೂ ಹೋಗಿ, ಸಂಜೆ ಮೊಣಕಾಲ ತನಕ ಕೆಸರಾಗಿ ಬಂದು ಅವ್ವನಿಗೆ ಒಂದೇ ಮಾತು ಹೇಳಿದ: “ಕಡೀ ಹೊಲಕ್ಕ ಮುಟ್ಟೇತಿ.” ಮುಂದೆ ಎಷ್ಟೋ ವೇದಿಕೆಗಳಲ್ಲಿ ಚಪ್ಪಾಳೆ ಕೇಳಿದ್ದೇನೆ. ಆ ಮಾತು ಹೇಳಿದಾಗ ಅಪ್ಪನ ಮುಖದಲ್ಲಿದ್ದುದನ್ನು ಯಾವ ಚಪ್ಪಾಳೆಯೂ ನನ್ನ ಮುಖಕ್ಕೆ ತರಲಿಲ್ಲ.

ಒಂದೇ ಮಧ್ಯಾಹ್ನ, ಒಬ್ಬನೇ ಮನುಷ್ಯನಿಗೆ, ಬಾಗಿಲು ತೆರೆದಿತ್ತು ಮತ್ತು ಗೇಟು ಮುಚ್ಚಿತ್ತು. ಸಮಾಜದ ಗೋಡೆಗಳ ಬಗ್ಗೆ ನಾನು ಅಷ್ಟು ಭಾಷಣ ಬರೆಯುವಾಗ ಈ ಮಧ್ಯಾಹ್ನ ನನಗೇಕೆ ನೆನಪಾಗಲಿಲ್ಲವೋ ತಿಳಿಯದು. ಮಹಾದೇವಿಯ ಮಾಳಿಗೆಯ ಪ್ರಶ್ನೆಗೆ ಉತ್ತರ ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿಯೇ ಇತ್ತು.

ಆ ಭಾನುವಾರವೇ ಅಪ್ಪ ಪೇಟೆಗೆ ಹೋಗಿ ನೋಟುಪುಸ್ತಕ ತಂದು ಗೆರೆ ಎಳೆದ. “ಕಂಪ್ಯೂಟರ ತಾನ ಬರಕೊಳ್ತೈತಲ್ರಿ ಕಾಕಾ,” ಎಂದು ಮಹಾದೇವಿ ಎಷ್ಟು ಹೇಳಿದರೂ ಕೇಳಲಿಲ್ಲ. “ನೀರೂ ತಾನ ಹರೀತೈತಿ. ಎತ್ತಿದಾಂವ ಸಹಿ ಮಾಡಬೇಕು.” ಹೀಗೆ ಗೇಟ್ ಪುಸ್ತಕ ಆರಂಭವಾಯಿತು. ಪರದೆಯ ಮೇಲೆ ಪ್ರಶ್ನೆ ಮೂಡಿದರೆ ಅಪ್ಪ ಅವಸರ ಮಾಡುವುದಿಲ್ಲ. ಕನ್ನಡಕ ಹಾಕಿಕೊಂಡು ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳುತ್ತಾನೆ. ಗುರುತಿಲ್ಲದಿದ್ದರೆ ಸಿಂದಗಿಗೆ ಫೋನು ಮಾಡುತ್ತಾನೆ. ಮಹಾದೇವಿ ಅವನ ಪಾಲಿಗೆ ಈಗ ಮೇಲಿನ ಕಚೇರಿ. ತನ್ನ ಕೇಂದ್ರಕ್ಕೆ ಬರುವವರಿಗೆ ಅವಳು ಫೈರ್‌ವಾಲ್ ಪಾಠವನ್ನು ಈ ಪುಸ್ತಕದ ಫೋಟೊ ತೋರಿಸಿಯೇ ಆರಂಭಿಸುತ್ತಾಳಂತೆ. ಕಡತದ ಒಂದು ನಕಲು ಪ್ರತಿ ಭಾನುವಾರ ಬೇರೊಂದು ಪೆನ್‌ಡ್ರೈವಿಗೆ ಹೋಗುತ್ತದೆ. ಅದು ಅವ್ವನ ಸಾಸಿವೆಯ ಡಬ್ಬಿಯಲ್ಲಿದೆ. ನಮ್ಮ ಊರು ಒಗ್ಗರಣೆಯ ವಾಸನೆ ಹೊತ್ತಿದೆ ಎಂದು ನೀವು ನಗಬಹುದು. ಊರುಗಳು ಹಾಗೆಯೇ ಇರುತ್ತವೆ.

ಇದಾಗಿ ಕೆಲವು ತಿಂಗಳ ಮೇಲೆ ಒಂದು ರಜೆಯ ಮುಂಜಾನೆ. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಪ್ಪನ ಮುಂದೆ ಪರದೆಯಲ್ಲಿ ಒಂದು ಪೆಟ್ಟಿಗೆ ಮೂಡಿತು. ಅದೇ ಕ್ಷಣಕ್ಕೆ ತೆರೆದ ಬಾಗಿಲಿನ ಬೆಳಕಿಗೆ ಯಾರೋ ಅಡ್ಡವಾದರು. ತುಂಬ ವಯಸ್ಸಾದ ಒಬ್ಬ ಹೆಂಗಸು, ಕೈಯಲ್ಲಿ ಕೋಲು, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು. ಹೊಸ್ತಿಲಾಚೆ ನಿಂತಳು.

“ಹಳೇ ಕೊಲ್ಹಾರದ್ದು ಬರೀತಾರಂತಲ್ಲ, ಅವರ ಮನಿ ಇದ ಏನ್ರಿ?”

“ಹೌದ್ರಿ ಯವ್ವಾ, ಒಳಗ ಬರ್ರಿ,” ಎಂದ ಅಪ್ಪ. ಹಾಗೆನ್ನುತ್ತಲೇ, ಮುಖ ಬಾಗಿಲಿನತ್ತ ಇದ್ದಂತೆ, ಅವನ ಬಲಗೈ ಮೌಸಿನ ಮೇಲೆ ಸರಿದು ಕೆಂಪು ಗುಂಡಿ ಒತ್ತಿತು.

ಅವಳು ಒಳಗೆ ಬರಲಿಲ್ಲ. ಏನನ್ನೋ ಕಾಯುವವಳಂತೆ ನಿಂತಿದ್ದು ಕೇಳಿದಳು: “ಯಾರ ಪೈಕಿ ಅಂತ ಕೇಳಲಿಲ್ಲ?”

“ಮೊದಲ ಕುಂದರ್ರಿ. ಹೇಳಬೇಕನಿಸಿದ್ರ ನೀವ ಹೇಳತೀರಿ.”

ಅವಳು ಬಂದು ಕುಳಿತಳು. ಅವ್ವ ಕೊಟ್ಟ ನೀರನ್ನು ಕುಡಿದಳು. ಚಹಾ ಕುಡಿದಳು. ಆಮೇಲೆ ಹೇಳಿದಳು. ಮೇಲಿನ ಓಣಿಯ ತುದಿಗೆ, ಬಾಗಿಲ ಮೇಲೆ ಎರಡು ಗಿಳಿಗಳ ಕೆತ್ತನೆಯಿದ್ದ ದೊಡ್ಡ ಮನೆ, ಅವಳು ಅದರ ಸೊಸೆ.

ಆ ಮನೆಯ ಪುಟ ನನಗೂ ಗೊತ್ತಿತ್ತು. ಗಿಳಿಗಳ ಕೊಕ್ಕು, ರೆಕ್ಕೆಯ ಗೆರೆಗಳು, ಎಡಗಿಳಿಯ ಮುರಿದ ಬಾಲ. ಕೆಳಗೆ ಎರಡು ಶಬ್ದ: ‘ಒಳಗೆ: ನೋಡಿಲ್ಲ.’ ಅಪ್ಪ ಆ ಪುಟವನ್ನು ತೆರೆದು ‘ನೋಡಿಲ್ಲ’ ಎಂಬುದನ್ನು ಅಳಿಸಿದ. “ಹೇಳ್ರಿ ಯವ್ವಾ,” ಎಂದ.

ಅವಳು ಹೇಳಿದಳು. ಪಡಸಾಲೆಯ ಆರು ಕಂಬ. ನೆಲದೊಳಗೆ ಜೋಳ ತುಂಬುವ ಹಗೇವು. ಮಾಳಿಗೆಯ ಬೆಳಕಿಂಡಿಯಿಂದ ಮಧ್ಯಾಹ್ನ ಬೀಳುತ್ತಿದ್ದ ಬಿಸಿಲಿನ ಕೋಲು. ಅಪ್ಪ ಎರಡು ಬೆರಳಿನಿಂದ ಒತ್ತುತ್ತ ಹೋದ. ಅಡುಗೆಮನೆಗೆ ಬಂದಾಗ ಅವಳ ಮಾತು ನಿಧಾನವಾಯಿತು.

“ಅಡಗಿಮನ್ಯಾಗ ಒಂದು ಸಣ್ಣ ಕಿಂಡಿ ಇತ್ತು. ಅದರಾಗಿಂದ ತಲಬಾಗಲದ ಹೊಸ್ತಲಾ ಕಾಣ್ತಿತ್ತು. ನಾ ಹೊಸದಾಗಿ ಸೊಸಿಯಾಗಿ ನಡೀಲಿಕ್ಕೆ ಬಂದಾಗ ಅಲ್ಲೆ ಒಬ್ಬಾಂವ ನಿಂತಿರ್ತಿದ್ದ. ಕೈಯಾಗ ರುಮಾಲ ಹಿಡಕೊಂಡು, ಬಾಜೂಕ ಒಂದು ಸಣ್ಣ ಹುಡುಗ. ಅಂವನ್ನ ಒಳಗ ಯಾಕ ಕರಿಯಂಗಿಲ್ಲ ಅಂತ ಒಮ್ಮಿ ಅತ್ತೀಗಿ ಕೇಳಿದೆ. ಆ ಮಾತು ಇನ್ನೊಮ್ಮಿ ಆಡಬ್ಯಾಡ ಅಂದ್ಲು. ನಾ ಆಡಲಿಲ್ಲ. ಇಷ್ಟ ವರ್ಸಾ ಆಡಲಿಲ್ಲ.”

ಅಪ್ಪನ ಬೆರಳುಗಳು ಅಕ್ಷರಗಳ ಮೇಲೆ ನಿಂತಿದ್ದವು.

“ಅಂವ ನಮ್ಮಪ್ಪರೀ,” ಎಂದ. “ಆ ಹುಡುಗ ನಾನು.”

ಅವಳು ಪರದೆಯತ್ತ ಕೋಲು ತೋರಿಸಿ, “ಬರಿ, ಅದನ್ನೂ ಬರಿ. ಒಳಗಿಂದ ಏನ ಕಾಣ್ತಿತ್ತು ಅಂತ ಬರಿ,” ಎಂದಳು.

ಅಪ್ಪ ಬರೆದ. ಅವಳು ಊಟ ಮಾಡಿಕೊಂಡು, ಅವ್ವನ ಕೈಯಿಂದ ಕುಂಕುಮ ಹಚ್ಚಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋದಳು.

ನಮ್ಮ ಮನೆಗೆ ಬಂದಾಗ ಗೇಟ್ ಪುಸ್ತಕದಲ್ಲಿ ಆ ದಿನದ ಪುಟವನ್ನು ತೆಗೆದು ನೋಡಿ. ಒಂದೇ ಸಾಲಿದೆ: “ಮುಂಜಾನೆ ಹತ್ತೂವರೆ. ಹೆಸರು ಗುರುತಿಲ್ಲದವರು. ಕಾರಣ ತಿಳಿಸಲಿಲ್ಲ. ತೆರೆದಿಲ್ಲ.” ಗಿಳಿಬಾಗಿಲ ಮನೆಯ ಹಿರಿಯಳ ಹೆಸರನ್ನು ಅದರಲ್ಲಿ ಹುಡುಕಬೇಡಿ. ಬಾಗಿಲಿಗೆ ಬಂದವರನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.